ದೂರದ ಈಜು: ಕ್ಲಬ್ ತಂಡದ ತರಬೇತಿ

ಈಜುಕೊಳದ ಸ್ಪರ್ಧೆಗಳಲ್ಲಿ 800 ಮತ್ತು 1500 ಮೀ. ಫ್ರೀಸ್ಟೈಲನ್ನು ದೂರದ ಈಜು ಎನ್ನುತ್ತಾರೆ. 400 ಮೀಟರನ್ನು ಕೆಲವರು ಮಧ್ಯಮ ದೂರಕ್ಕೆ ಸೇರಿಸುವುದುಂಟು. ಒಲಿಂಪಿಕ್ಸ್‌ನಲ್ಲಿ ಪುರುಷರ 1500 ಮೀ. ಸ್ಪರ್ಧೆ 1908ರಿಂದ ಇದೆ. ಮಹಿಳೆಯರಿಗೆ ಅದು ದೊರೆತದ್ದು 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ.

ಲೇನಿನ ಕ್ರಮ

ಕ್ಲಬ್ ತಂಡದಲ್ಲಿ ಲೇನ್ ಹಂಚುವುದು ಹೆಚ್ಚಾಗಿ ವೇಗ ನೋಡಿ, ವಯಸ್ಸು ನೋಡಿ ಅಲ್ಲ. ಒಬ್ಬರ ಹಿಂದೊಬ್ಬರು ಐದು ಅಥವಾ ಹತ್ತು ಸೆಕೆಂಡು ಬಿಟ್ಟು ಹೊರಡುತ್ತಾರೆ. ಒಂದು ಬದಿಯಲ್ಲಿ ಹೋಗಿ ಇನ್ನೊಂದು ಬದಿಯಲ್ಲಿ ಮರಳುತ್ತಾರೆ. ಮುಂದಿರುವವರು ಸೀಳಿದ ನೀರಿನಲ್ಲಿ ಹಿಂದಿನವರಿಗೆ ಶ್ರಮ ಕಡಿಮೆ. ಸದಾ ಹಿಂದೆಯೇ ಈಜುವವರಿಗೆ ತಮ್ಮ ನಿಜವಾದ ವೇಗ ತಿಳಿಯುವುದಿಲ್ಲವಾದ್ದರಿಂದ ಮುಂದಾಳನ್ನು ಬದಲಿಸುತ್ತಿರಬೇಕು.

ವೇಗದ ಲೆಕ್ಕ

ದೂರದ ಈಜಿನ ತಿರುಳು ಸಮವೇಗ. ಕೊಳದ ಬದಿಯ ದೊಡ್ಡ ಗಡಿಯಾರವನ್ನು ನೋಡಿ ಸಮವೇಗ ಕಲಿಸುವ ಪದ್ಧತಿಯನ್ನು ಬೆಳೆಸಿದವರಲ್ಲಿ ಆಸ್ಟ್ರೇಲಿಯದ ಫೋರ್ಬ್ಸ್ ಕಾರ್ಲೈಲ್ ಮುಖ್ಯರು. ಅವರ ಶಿಷ್ಯೆ ಶೇನ್ ಗೌಲ್ಡ್ 1971ರ ಡಿಸೆಂಬರ್ ಹೊತ್ತಿಗೆ 100ರಿಂದ 1500 ಮೀಟರ್‌ವರೆಗಿನ ಮಹಿಳೆಯರ ಎಲ್ಲ ಫ್ರೀಸ್ಟೈಲ್ ವಿಶ್ವದಾಖಲೆಗಳನ್ನೂ ಏಕಕಾಲಕ್ಕೆ ಹೊಂದಿದ್ದರು. 1992ರಲ್ಲಿ ಜಪಾನಿನ ವಾಕಾಯೋಶಿ ಮತ್ತು ಸಂಗಡಿಗರು, ದಣಿಯದೆ ದೀರ್ಘಕಾಲ ಕಾಯ್ದುಕೊಳ್ಳಬಲ್ಲ ವೇಗವನ್ನು ಅಂದಾಜು ಮಾಡುವ ಸರಳ ವಿಧಾನವನ್ನು ಈಜಿಗೆ ತಂದರು. ರಕ್ತಪರೀಕ್ಷೆ ಬೇಡದ ಕಾರಣ ಸಾಮಾನ್ಯ ಕ್ಲಬ್‌ಗಳಿಗೂ ಇದು ಎಟುಕಿತು.

ಉದಾಹರಣೆಗೆ, ಈಜುಗಾರ್ತಿಯೊಬ್ಬಳು 400 ಮೀಟರನ್ನು 5 ನಿಮಿಷದಲ್ಲೂ 200 ಮೀಟರನ್ನು 2 ನಿಮಿಷ 22 ಸೆಕೆಂಡಿನಲ್ಲೂ ಈಜಿದಳೆನ್ನಿ. ಎರಡರ ಅಂತರ 200 ಮೀಟರ್, 158 ಸೆಕೆಂಡು. ಅಂದರೆ ಅವಳು ಕಾಯ್ದುಕೊಳ್ಳಬಲ್ಲ ವೇಗ 100 ಮೀಟರಿಗೆ 79 ಸೆಕೆಂಡು. 200 ಮೀಟರಿನ ಹತ್ತು ಸುತ್ತುಗಳ ಸೆಟ್ ಕೊಟ್ಟು ಮೂರು ನಿಮಿಷಕ್ಕೊಮ್ಮೆ ಹೊರಡಿಸಿದರೆ, ಈ ವೇಗದಲ್ಲಿ ಪ್ರತಿ ಸುತ್ತಿಗೂ 22 ಸೆಕೆಂಡು ವಿಶ್ರಾಂತಿ ಸಿಗುತ್ತದೆ. ಮೊದಲ ಸುತ್ತಿನ ಕಾಲವೇ ಹತ್ತನೆಯದರಲ್ಲೂ ಬರಬೇಕು. ಈ ಲೆಕ್ಕ ನಿಜವಾದ ಸಾಮರ್ಥ್ಯಕ್ಕಿಂತ ತುಸು ಹೆಚ್ಚಿನ ವೇಗವನ್ನೇ ತೋರಿಸಬಹುದು. 30 ನಿಮಿಷ ಸತತವಾಗಿ ಈಜಿಸಿ ತಾಳೆ ನೋಡುವುದು ಒಳ್ಳೆಯದು.

ಕರ್ನಾಟಕ

ಬೆಂಗಳೂರಿನ ಕ್ಲಬ್‌ಗಳಿಂದ ಒಲಿಂಪಿಕ್ಸ್‌ಗೆ ಹೋದವರಲ್ಲಿ ಹೆಚ್ಚಿನವರು ಕಡಿಮೆ ದೂರದವರು: 2000ದಲ್ಲಿ ನಿಶಾ ಮಿಲೆಟ್ ಮತ್ತು ಹಕೀಮುದ್ದೀನ್ ಹಬೀಬುಲ್ಲಾ, 2024ರಲ್ಲಿ ಧಿನಿಧಿ ದೇಸಿಂಗು 200 ಮೀ. ಫ್ರೀಸ್ಟೈಲ್ ಈಜಿದರು. ಹೀಗಾಗಿ ಬಸವನಗುಡಿ ಅಕ್ವಾಟಿಕ್ ಸೆಂಟರ್‌ನಲ್ಲಿ ಪಳಗಿದ ಗಗನ್ ಉಳ್ಳಾಲಮಠ್ 2012ರ ಲಂಡನ್ ಕೂಟದಲ್ಲಿ 1500 ಮೀ. ಈಜಿದ್ದು ಗಮನಾರ್ಹ. ಅವರ ಕಾಲ ಸುಮಾರು 16 ನಿಮಿಷ 31 ಸೆಕೆಂಡು. ಚೀನಾದ ಸುನ್ ಯಾಂಗ್ 14 ನಿಮಿಷ 31.02 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಎರಡು ನಿಮಿಷದ ಈ ಅಂತರವನ್ನು 30 ಉದ್ದಗಳಿಗೆ ಹಂಚಿದರೆ ಪ್ರತಿ 50 ಮೀಟರಿಗೆ 4 ಸೆಕೆಂಡು. ಭಾರತದ ದೂರದ ಈಜು ಆಗ ಎಲ್ಲಿತ್ತು ಎಂಬುದನ್ನು ಪದಕಪಟ್ಟಿಗಿಂತ ಈ ನಾಲ್ಕು ಸೆಕೆಂಡೇ ಸ್ಪಷ್ಟವಾಗಿ ಹೇಳುತ್ತದೆ.

ಹೈದರಾಬಾದ್

ದೂರದ ಈಜಿಗೆ ಕೊಳದ ಉದ್ದವೂ ಮುಖ್ಯ. ಹೈದರಾಬಾದಿನ ಗಚ್ಚಿಬೌಲಿಯ ಈಜು ಸಂಕೀರ್ಣ 2002ರ ರಾಷ್ಟ್ರೀಯ ಕ್ರೀಡಾಕೂಟದ ಕಾಲದ್ದು. 2003ರ ಆಫ್ರೊ–ಏಷ್ಯನ್ ಕ್ರೀಡಾಕೂಟದ ಈಜೂ ಅಲ್ಲೇ ನಡೆಯಿತು. 25 ಮೀಟರಿನ ಕೊಳದಲ್ಲಷ್ಟೇ ಅಭ್ಯಾಸ ಮಾಡುವವರಿಗೆ ಇಂಥ 50 ಮೀಟರಿನ ಕೊಳ ಬೇಕೇ ಬೇಕು: ಚಿಕ್ಕ ಕೊಳದ 1500 ಮೀಟರಿನಲ್ಲಿ 59 ತಿರುವುಗಳಿದ್ದರೆ ಇಲ್ಲಿ 29. ಗೋಡೆಯನ್ನು ಒದ್ದು ಪಡೆಯುವ ವೇಗ ಅರ್ಧಕ್ಕಿಳಿದು, ಉಳಿದದ್ದನ್ನು ಕೈ ಬೀಸಿಯೇ ಗಳಿಸಬೇಕಾಗುತ್ತದೆ.