ನಡೆದೇ ಆಡುವ ಆಟ

ಆಷಾಢದ ದಿನಗಳಲ್ಲಿ ಗುಂಡ್ಲುಪೇಟೆಯ ಹೆದ್ದಾರಿಯ ಬದಿಯಲ್ಲಿ ನಿಂತವರಿಗೆ ಎರಡು ನೋಟಗಳು ಕಾಣುವುವು. ಒಂದು, ದಾರಿಯ ಎಡಬಲಗಳಲ್ಲಿ ಹಳದಿ ಜಮಖಾನ ಹಾಸಿದಂತೆ ಅರಳಿ ನಿಂತ ಚೆಂಡುಹೂವಿನ ಹೊಲಗಳು. ಮತ್ತೊಂದು, ಉದಕಮಂಡಲದ ಕಡೆಗೆ ಎಡೆಬಿಡದೆ ಓಡುವ ಮೋಟಾರುಗಳು. ಒಮ್ಮೆ ಅಂಥ ಒಂದು ಮೋಟಾರಿನ ಹಿಂಬದಿಯಲ್ಲಿ ಮಗುವಿನೆತ್ತರದ ಚೀಲವೊಂದನ್ನು ಕಂಡು, ಒಳಗಿರುವುದು ತಂಬೂರಿಯಿರಬೇಕೆಂದು ನಾನು ಜೊತೆಯವರಿಗೆ ಹೇಳಿದ್ದೆ. ಅದು ಗಾಲ್ಫ್ ಆಟದ ಕೋಲುಗಳ ಚೀಲವೆಂದು ಚಹಾದಂಗಡಿಯ ಹುಡುಗ ತಿದ್ದಿದ. ಚೆಂಡು ಎಂದರೆ ನಮ್ಮ ತಾಲ್ಲೂಕಿನವರಿಗೆ ಮೊದಲು ಹೂವು, ಆಮೇಲೆ ಆಟ. ಪಂಡಿತನ ಅಜ್ಞಾನವನ್ನು ಓದುಗರು ಮನ್ನಿಸಬೇಕು.

ಆ ಅಜ್ಞಾನ ಹೋದದ್ದು ಬಂಧುವೊಬ್ಬರ ಮಗನ ದೆಸೆಯಿಂದ. ಅವನು ಅಮೆರಿಕದಲ್ಲಿ ಎಂಜಿನಿಯರು. "ಫೆಬ್ರುವರಿಯಲ್ಲಿ ಚಾಮರಾಜನಗರಕ್ಕೆ ಬರುತ್ತೇನೆ. ನಡೆದೇ ಆಡುವಂಥ ಗಾಲ್ಫ್ ಮೈದಾನಗಳಿಗೆ ಒಂದು ಯಾತ್ರೆ ಹೊರಡಬೇಕು, ಯೋಜನೆ ನಿಮ್ಮದು" ಎಂದು ಬರೆದ. ಯಾತ್ರೆ ಎಂಬ ಮಾತನ್ನು ಅವನು ಯೋಚಿಸಿ ಬಳಸಿದನೋ ಇಲ್ಲವೋ ತಿಳಿಯದು, ನಾನಂತೂ ಯೋಚಿಸಿದೆ. ಮಾದಪ್ಪನ ಬೆಟ್ಟಕ್ಕೆ ಬಸ್ಸಿನಲ್ಲಿ ಹೋದವರಿಗೂ ದರ್ಶನವಾಗುತ್ತದೆ. ಆದರೂ ಶಿವರಾತ್ರಿಗೆಂದು ತಾಳುಬೆಟ್ಟದ ಮೇಲೆ ಕಾಲ್ನಡಿಗೆಯಲ್ಲಿ ಹತ್ತಿ ಹೋದ ಮುದುಕಿ ತಾನು ಹೋಗಿಬಂದದ್ದನ್ನು ಹೇಳುವ ಧಾಟಿಯೇ ಬೇರೆ. ಆಟಕ್ಕೂ ಹಾಗೊಂದು ಕಾಲ್ನಡಿಗೆಯ ವ್ರತವಿದೆಯೆ ಎಂಬ ಕುತೂಹಲದಿಂದ ಓದತೊಡಗಿದವನಿಗೆ ಸಿಕ್ಕಿದ ಚರಿತ್ರೆಯನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಈ ಆಟದ ತವರು ಸ್ಕಾಟ್ಲೆಂಡು. ಅದರ ಹೆಸರು ಸರಕಾರಿ ದಾಖಲೆಯಲ್ಲಿ ಮೊದಲು ಕಾಣಿಸುವುದು ಒಂದು ನಿಷೇಧದ ರೂಪದಲ್ಲಿ. 1457ರಲ್ಲಿ ಎರಡನೆಯ ಜೇಮ್ಸ್ ದೊರೆಯ ಕಾಲದ ಪಾರ್ಲಿಮೆಂಟು, ಜನರು ಬಿಲ್ವಿದ್ಯೆಯ ಅಭ್ಯಾಸ ಬಿಟ್ಟು ಇದರಲ್ಲೇ ಮುಳುಗಿದ್ದಾರೆಂದು ಗಾಲ್ಫನ್ನೂ ಕಾಲ್ಚೆಂಡನ್ನೂ ನಿಷೇಧಿಸಿತು. ಮುಂದೆ 1502ರಲ್ಲಿ ನಾಲ್ಕನೆಯ ಜೇಮ್ಸ್ ದೊರೆ ತಾನೇ ಪರ್ತ್ ಊರಿನ ಬಿಲ್ಲುಗಾರನಿಂದ ಗಾಲ್ಫ್ ಕೋಲುಗಳನ್ನು ಕೊಂಡುಕೊಂಡ. ಬಿಲ್ಲು ಮಾಡುವವನೇ ಕೋಲು ಮಾಡಲು ಹೊರಟ ಮೇಲೆ ನಿಷೇಧಕ್ಕೆ ಎಲ್ಲಿ ಬೆಲೆ!

ಆಡುತ್ತಿದ್ದ ನೆಲ ಯಾರೂ ಕಟ್ಟಿದ್ದಲ್ಲ. ಸಮುದ್ರಕ್ಕೂ ಉಳುವ ಭೂಮಿಗೂ ನಡುವಣ ಮರಳುದಿಬ್ಬ, ಕುರಿ ಮೇದು ಸಮಗೊಳಿಸಿದ ಹುಲ್ಲು. ಸೇಂಟ್ ಆಂಡ್ರೂಸ್ ಊರಿನ ಹಳೆಯ ಮೈದಾನದಲ್ಲಿ ಒಂದು ಸುತ್ತಿಗೆ ಮೊದಲು 22 ಕುಳಿಗಳಿದ್ದವು. 1764ರಲ್ಲಿ ಅವನ್ನು 18ಕ್ಕೆ ಇಳಿಸಿದರು. ಲೋಕವೆಲ್ಲ ಇಂದು ಅನುಸರಿಸುತ್ತಿರುವ ಲೆಕ್ಕ ಅದೇ. ಆ ಮೈದಾನ ಊರವರ ಸೊತ್ತು. ಭಾನುವಾರ ಅಲ್ಲಿ ಸಾಮಾನ್ಯವಾಗಿ ಆಟವಿಲ್ಲ. ಊರಿನ ಜನ ಮಕ್ಕಳನ್ನೂ ನಾಯಿಗಳನ್ನೂ ಕರೆದುಕೊಂಡು ಆ ಹುಲ್ಲಿನ ಮೇಲೆ ಅಡ್ಡಾಡುತ್ತಾರೆ. ಚೆಂಡಿಗೆ ಬಿಡುವು, ಕಾಲಿಗೆ ಬಿಡುವಿಲ್ಲ.

ಆಟದ ರೀತಿಯನ್ನು ಹೇಳುವುದು ಕಷ್ಟವಲ್ಲ. ಚೆಂಡನ್ನು ಹೊಡೆ, ಅದು ಬಿದ್ದಲ್ಲಿಗೆ ನಡೆ, ಮತ್ತೆ ಹೊಡೆ; ಕುಳಿಗೆ ಬೀಳುವವರೆಗೆ ಹೀಗೆಯೆ. ನಮ್ಮ ಚಿನ್ನಿದಾಂಡಿನಲ್ಲಿ ಹೊಡೆದವನು ನಿಂತೇ ಇರುತ್ತಾನೆ, ಇದರಲ್ಲಿ ಹೊಡೆದವನೇ ಹಿಂದೆ ಹೋಗಬೇಕು. ಹದಿನೆಂಟು ಕುಳಿಗಳನ್ನು ಮುಗಿಸುವ ಹೊತ್ತಿಗೆ ಐದು ಮೈಲಿ ಸವೆದಿರುತ್ತದೆ. ಐದು ಮೈಲಿ ಹದಿನಾಲ್ಕು ಕೋಲುಗಳ ಚೀಲ ಹೊರುವವರು ಯಾರು? ಅದಕ್ಕೆಂದು ಒಬ್ಬ ಆಳು. ಅವನ ಹೆಸರು ಕ್ಯಾಡಿ. ಫ್ರೆಂಚ್ ಭಾಷೆಯಲ್ಲಿ ಮನೆತನದ ಕಿರಿಯ ಮಗನಿಗೆ ಹೇಳುತ್ತಿದ್ದ ಕೆಡೆಟ್ ಎಂಬ ಮಾತು ಎಡಿನ್‌ಬರೋ ಬೀದಿಗಳಲ್ಲಿ ಚಾಕರಿಯ ಹುಡುಗರ ಹೆಸರಾಗಿ, ಅಲ್ಲಿಂದ ಚೀಲ ಹೊರುವವನ ಹೆಸರಾಗಿ ಉಳಿಯಿತು. ಶಬ್ದಗಳಿಗೂ ದರಿದ್ರ ಬರುವುದುಂಟು.

ಆಂಗ್ಲರು ಹೋದಲ್ಲೆಲ್ಲ ಈ ಆಟ ಹೋಯಿತು. 1829ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಕ್ಲಬ್ಬು ಬ್ರಿಟಿಷ್ ದ್ವೀಪಗಳ ಆಚೆ ಅತ್ಯಂತ ಹಳೆಯದು. ಬೆಂಗಳೂರಿನದು 1876ರದು. ಮೈಸೂರಿನಲ್ಲಿ ಚಾಮುಂಡಿಬೆಟ್ಟದ ಅಡಿಯಲ್ಲಿ ಕುದುರೆ ಪಂದ್ಯದ ಬಯಲಿಗೆ ಹೊಂದಿಕೊಂಡು ಅರಮನೆಯ ಆಶ್ರಯದಲ್ಲಿ ಮೈದಾನವೆದ್ದಿತು. ಅದು ಇಂದು ಜಯಚಾಮರಾಜ ಒಡೆಯರ ಹೆಸರಿನಲ್ಲಿದೆ. ನೀರಿಲ್ಲದ ಊರುಗಳಲ್ಲಿ ಕುಳಿಯ ಸುತ್ತ ಹುಲ್ಲು ಬೆಳೆಸಲಾರದೆ ಎಣ್ಣೆ ಕಲಸಿದ ಮರಳನ್ನು ಹಾಸಿ ಆಡುತ್ತಿದ್ದರು. ಹಸಿರಿನ ಹೆಸರಿದ್ದ ಜಾಗಕ್ಕೆ ಆಗ ಕಂದಿನ ಹೆಸರು, ಬ್ರೌನ್.

ಆದರೆ ನಮ್ಮ ಜಿಲ್ಲೆಯವರಿಗೆ ಹೆಚ್ಚು ಸಂಬಂಧಪಟ್ಟದ್ದು ನೀಲಗಿರಿಯ ಕಥೆ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಆ ಬೆಟ್ಟ ಹತ್ತಿದ ಮೇಲೆ ಉದಕಮಂಡಲ ದೊರೆಗಳ ಬೇಸಗೆಯ ಬೀಡಾಯಿತು. ಮೈಸೂರಿನ ಕಡೆಯಿಂದ ಅಲ್ಲಿಗೆ ಹೋಗುವ ದಾರಿ ನಮ್ಮ ಕಾಡಿನದು. ಆ ಕಾಲದಲ್ಲಿ ಹೇಗೆ ಹೋಗುತ್ತಿದ್ದರು ಬಲ್ಲಿರಾ? ಇಂಡಿಯದ ವಿದ್ಯಾಭ್ಯಾಸ ಇಂಗ್ಲಿಷಿನಲ್ಲಿ ನಡೆಯಬೇಕೆಂದು ವಾದಿಸಿ ನಮ್ಮಂಥ ಪಂಡಿತರ ಬಾಳಿಗೆ ಕಲ್ಲುಹಾಕಿದ ಮೆಕಾಲೆ ಸಾಹೇಬ, 1834ರ ಬೇಸಗೆಯಲ್ಲಿ ಮದರಾಸಿನಲ್ಲಿ ಹಡಗಿಳಿದು, ಗವರ್ನರ್ ಜನರಲ್ ಬೆಂಟಿಂಕನನ್ನು ಕಾಣಲು ಉದಕಮಂಡಲಕ್ಕೆ ಹೊರಟ. ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ದಾಟಿ ನಾನೂರು ಮೈಲಿ. ಆ ನಾನೂರು ಮೈಲಿಯನ್ನೂ ಅವನು ಹೋದದ್ದು ಪಲ್ಲಕ್ಕಿಯಲ್ಲಿ, ಬೋವಿಗಳ ಹೆಗಲ ಮೇಲೆ. ಇದನ್ನು ಮನೆಗೆ ಬರೆದ ಕಾಗದದಲ್ಲಿ ಅವನೇ ಹೇಳಿಕೊಂಡಿದ್ದಾನೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಕಂಡುದನ್ನೂ ಬರೆದಿದ್ದಾನೆ. ಹೊತ್ತವರ ಹೆಸರನ್ನು ಬರೆದಿಲ್ಲ, ಕೇಳಿದ್ದನೆಂದೂ ತೋರುವುದಿಲ್ಲ.

ಬೆಟ್ಟದ ಮೇಲೆ ಗಾಲ್ಫ್ ಆಡುವ ಬಯಲಿಗೆ ವೆನ್‌ಲಾಕ್ ಡೌನ್ಸ್ ಎಂದು ಹೆಸರು. 1891ರಿಂದ 1896ರವರೆಗೆ ಮದರಾಸಿನ ಗವರ್ನರಾಗಿದ್ದವನ ಹೆಸರದು. ಅದಕ್ಕೆ ಮುಂಚೆ ಅದು ಹೆಸರಿಲ್ಲದ ನೆಲವೇನಾಗಿರಲಿಲ್ಲ. ತೋಡರು ತಮ್ಮ ಎಮ್ಮೆಗಳ ಹಿಂದೆ ನಡೆಯುತ್ತಿದ್ದ ಹುಲ್ಲುಗಾವಲು ಅದು. ಬರಿಗಾಲಿನಲ್ಲಿ ಕುರುಬ ನಡೆದ ನೆಲ ಸ್ಕಾಟ್ಲೆಂಡಿನಲ್ಲಿ ಗಾಲ್ಫಿಗೆ ತಾನಾಗಿ ಒದಗಿ ಬಂದಂತೆ, ಇಲ್ಲಿಯೂ ದನಗಾಹಿಯ ನೆಲವೇ ಒದಗಿತು. ಅಲ್ಲಿ ಊರವರ ಭಾನುವಾರ ಉಳಿಯಿತು. ಇಲ್ಲಿ ಹುಲ್ಲಿನ ಬಹುಭಾಗ ನೀಲಗಿರಿ ಮರ, ಸೀಗೆ ಜಾತಿಯ ವ್ಯಾಟಲ್ ಮರಗಳ ನೆಡುತೋಪಾಗಿ ಹೋಯಿತು.

ಇನ್ನು ನಡೆಯುವ ವ್ರತದ ವಿಷಯ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1950ರ ದಶಕದಿಂದೀಚೆಗೆ, ಅಮೆರಿಕದಲ್ಲಿ ವಿದ್ಯುತ್ತಿನ ಪುಟ್ಟ ಬಂಡಿಗಳು ಮೈದಾನಕ್ಕೆ ಬಂದವು. ಚೀಲವೂ ಬಂಡಿಯಲ್ಲಿ, ಆಟಗಾರನೂ ಬಂಡಿಯಲ್ಲಿ. ಬಾಡಿಗೆಯ ಹಣ ಕ್ಲಬ್ಬಿಗೆ ಬರುತ್ತಿದ್ದುದರಿಂದ ಬಂಡಿ ಹತ್ತದವನೇ ಅಪರಾಧಿ ಎನ್ನುವ ಮಟ್ಟಕ್ಕೆ ಬಂದಿತು. ಇದಕ್ಕೆ ಎದುರಾಗಿ 1999ರಲ್ಲಿ ಆರೆಗನ್ ರಾಜ್ಯದ ಸಮುದ್ರತೀರದಲ್ಲಿ ಬ್ಯಾಂಡನ್ ಡ್ಯೂನ್ಸ್ ಎಂಬ ಮೈದಾನ ತೆರೆಯಿತು. ಮೈಕ್ ಕೈಸರ್ ಎಂಬವರ ಹಣ, ಡೇವಿಡ್ ಮೆಕ್ಲೇ ಕಿಡ್ ಎಂಬ ಸ್ಕಾಟ್ ತರುಣನ ವಿನ್ಯಾಸ. ನಿಯಮ ಒಂದೇ: ಇಲ್ಲಿ ನಡೆಯಬೇಕು. ಪಟ್ಟಣಗಳಿಂದ ದೂರ, ಗಾಳಿ, ಮಳೆ. ಯಾರು ಬರುತ್ತಾರೆಂದು ಕೇಳಿದವರಿದ್ದರು. ಜನ ಬಂದರು. ನ್ಯೂಯಾರ್ಕ್ ರಾಜ್ಯದ ಬೆತ್‌ಪೇಜ್ ಎಂಬಲ್ಲಿ ಸರಕಾರದ್ದೇ ಆದ ಕಪ್ಪು ಹೆಸರಿನ ಮೈದಾನದಲ್ಲಿಯೂ ಬಂಡಿಯಿಲ್ಲ. ಇದು ಬಹಳ ಕಠಿಣವಾದುದು, ನುರಿತವರು ಮಾತ್ರ ಆಡಿರಿ ಎಂದು ಹಲಗೆ ಬರೆದು ತೂಗುಹಾಕಿದ್ದಾರೆ. ನಮ್ಮ ತರುಣ ಬ್ಯಾಂಡನ್ನಿಗೆ ಹೋಗಿಬಂದವನು. ಅಲ್ಲಿಂದಲೇ ಅವನಿಗೆ ಈ ಹುಚ್ಚು.

ನಡಿಗೆ ಆಟದ ಅಂಗವೋ ಅಲಂಕಾರವೋ ಎಂಬ ಪ್ರಶ್ನೆ ಒಂದು ದೇಶದ ಪರಮೋಚ್ಚ ನ್ಯಾಯಾಲಯದವರೆಗೆ ಹೋದದ್ದುಂಟು. ಕೇಸಿ ಮಾರ್ಟಿನ್ ಎಂಬ ಅಮೆರಿಕದ ಆಟಗಾರನಿಗೆ ಹುಟ್ಟಿನಿಂದ ಬಲಗಾಲಿನ ರಕ್ತನಾಳಗಳ ರೋಗ. ನಡೆದರೆ ನೋವು, ಮೂಳೆ ಮುರಿಯುವ ಭಯ. ವೃತ್ತಿಪರರ ಪಂದ್ಯಗಳಲ್ಲಿ ಬಂಡಿಗೆ ಅವಕಾಶ ಕೊಡಿರೆಂದು ಕೇಳಿದ. ಸಂಘದವರು ಒಪ್ಪಲಿಲ್ಲ. ಜ್ಯಾಕ್ ನಿಕ್ಲಾಸ್, ಆರ್ನಾಲ್ಡ್ ಪಾಮರರಂಥ ಮಹಾರಥರು ನಡಿಗೆಯಿಲ್ಲದೆ ಆಟವಿಲ್ಲವೆಂದು ಸಾಕ್ಷಿ ನುಡಿದರು. 2001ರ ಮೇ ತಿಂಗಳಲ್ಲಿ ಏಳು ಮಂದಿ ನ್ಯಾಯಾಧೀಶರು ಮಾರ್ಟಿನ್ನನ ಕಡೆ, ಇಬ್ಬರು ವಿರುದ್ಧ ತೀರ್ಪು ಕೊಟ್ಟರು. ಐದು ಗಂಟೆಗಳಲ್ಲಿ ಐದು ಮೈಲಿ, ನಡುನಡುವೆ ವಿಶ್ರಾಂತಿ, ಸವೆಯುವ ಶಕ್ತಿ ಸುಮಾರು 500 ಕ್ಯಾಲರಿ; ಇದೇನು ದೊಡ್ಡ ದಣಿವಲ್ಲ, ಆಟದ ಜೀವ ಹೊಡೆತದಲ್ಲಿದೆ ಎಂಬುದು ಬಹುಮತದ ವಾದ. ನನಗೆ ತೀರ್ಪು ಸರಿಯೆಂದೇ ತೋರುತ್ತದೆ. ಕಾಲಿದ್ದವನಿಗೆ ನಡಿಗೆ ಸುಖ, ಅವನು ಅದನ್ನು ವ್ರತವೆಂದು ಹಿಡಿಯಲಿ; ಕಾಲಿಲ್ಲದವನ ಮೇಲೆ ಹೇರುವುದು ಬೇಡ. ಆದರೆ ಆ ಐನೂರು ಕ್ಯಾಲರಿಯ ಲೆಕ್ಕ ಬರಿಗೈಯಲ್ಲಿ ನಡೆಯುವವನದು. ಚೀಲ ಹೊತ್ತವನ ಲೆಕ್ಕವನ್ನು ಆ ಮೊಕದ್ದಮೆಯಲ್ಲಿ ಯಾರೂ ಕೇಳಬೇಕಾಗಿರಲಿಲ್ಲ.

ಅದನ್ನು ನಾನು ಕೇಳಲು ಕಾರಣವಿದೆ. ಬಹಳ ವರ್ಷಗಳ ಹಿಂದೆ ನನ್ನ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಸಂಧಿ ಬಿಡಿಸುವುದರಲ್ಲಿ ಅವನಿಗೆ ಸರಿಸಮ ಯಾರೂ ಇರಲಿಲ್ಲ. ಎರಡು ವರ್ಷ ಮಳೆ ತಪ್ಪಿತು. ಹುಡುಗ ಸೋದರಮಾವನ ಜೊತೆ ಬೆಟ್ಟದ ಊರಿಗೆ ಹೋದ. ಹಾಜರಿ ಪುಸ್ತಕದಲ್ಲಿ ಕೆಲವು ವಾರ ಗೈರುಹಾಜರಿಯ ಗುರುತು ಹಾಕಿದೆ, ಆಮೇಲೆ ಹೆಸರಿಗೆ ಅಡ್ಡಗೆರೆ ಎಳೆದೆ. ಗೆರೆ ಎಳೆಯುವ ಮೊದಲು ಒಮ್ಮೆ ಅವನ ಊರಿಗೆ ಹೋಗಿಬರಬಹುದಾಗಿತ್ತು; ಸೈಕಲ್ಲಿನಲ್ಲಿ ಅರ್ಧ ಗಂಟೆಯ ದಾರಿ. ಹೋಗಲಿಲ್ಲ. ಅವನು ಗಾಲ್ಫ್ ಮೈದಾನದಲ್ಲಿ ಚೀಲ ಹೊರುತ್ತಿದ್ದಾನೆಂದು ಕೆಲವು ವರ್ಷಗಳ ಮೇಲೆ ಯಾರೋ ಹೇಳಿದರು.

ಚೀಲ ಹೊತ್ತವರು ಮೇಲೇರಿದ ಕಥೆಗಳೂ ಇಲ್ಲದಿಲ್ಲ. ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿ ಆಟ ಕಲಿತು, 2009ರಲ್ಲಿ ಇಂಡಿಯನ್ ಓಪನ್ ಪ್ರಶಸ್ತಿಯನ್ನು ಗೆದ್ದರು. ನಮ್ಮವರೇ ಆದ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾದರು, ಪದಕ ತಪ್ಪಿದ್ದು ಒಂದೇ ಹೊಡೆತದಲ್ಲಿ. ಆ ನಾಲ್ಕು ದಿನವೂ ಅವರ ಚೀಲ ಹೊತ್ತವರು ಅವರ ತಾಯಿ. ಇಂಥವು ವಾರ್ತೆಯಾಗುತ್ತವೆ. ಉಳಿದವರು ದಿನಗೂಲಿ ಎಣಿಸಿಕೊಂಡು ಮನೆಗೆ ಹೋಗುತ್ತಾರೆ.

ನಮ್ಮ ಯಾತ್ರೆಯ ಯೋಜನೆಯನ್ನು ಈಗ ಹೇಳಿಬಿಡುತ್ತೇನೆ. ಯಾರಿಗಾದರೂ ಉಪಯೋಗಕ್ಕೆ ಬಂದೀತು. ಮೈಸೂರನ್ನು ಮೊದಲು ಇಟ್ಟುಕೊಳ್ಳಿರಿ. ಚಾಮರಾಜನಗರದಿಂದ ಅರುವತ್ತು ಕಿಲೋಮೀಟರು, ಗುಂಡ್ಲುಪೇಟೆಯಿಂದಲೂ ಹೆಚ್ಚುಕಡಿಮೆ ಅಷ್ಟೆ. ಬೆಳಗಿನ ಜಾವ ಹೊರಟರೆ ಬಿಸಿಲೇರುವ ಮೊದಲು ಒಂದು ಸುತ್ತು ಮುಗಿಯುವುದು. ನೆಲ ಬೆಟ್ಟದಷ್ಟು ಏರಿಳಿತದ್ದಲ್ಲ, ಕಾಲು ಪಳಗುತ್ತದೆ. ಒಂದು ದಿನ ಗುಂಡ್ಲುಪೇಟೆಯಲ್ಲಿ ವಿಶ್ರಾಂತಿ. ಮೂರನೆಯ ದಿನ ಬೆಟ್ಟ. ಬಂಡೀಪುರದ ದಾರಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಮುಚ್ಚಿರುತ್ತದೆ. ಆ ಹೊತ್ತು ಆನೆಗಳದು, ಅದಕ್ಕೆ ನಮ್ಮ ತಕರಾರಿಲ್ಲ. ನೀಲಗಿರಿಗೆ ಹೋಗುವ ವಾಹನಗಳಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಎಂಬ ಏರ್ಪಾಡು ಬಂದಿದೆ, ಹೊರಡುವ ಮುನ್ನ ವಿಚಾರಿಸಿಕೊಳ್ಳಿರಿ. ಗೂಡಲೂರಿನ ಮೇಲೆ ಹೋದರೆ ಸುಮಾರು ನೂರು ಕಿಲೋಮೀಟರು. ಮಸಿನಗುಡಿ, ಕಲ್ಲಹಟ್ಟಿಯ ದಾರಿ ಹತ್ತಿರದ್ದು, ಆದರೆ 36 ತಿರುವುಗಳ ಕಡಿದಾದ ಏರು. ಮುಂಗಾರಿನಲ್ಲಿ ಮಂಜು ಮಳೆ, ಪುಷ್ಯದಲ್ಲಿ ಇಬ್ಬನಿ ಹೆಪ್ಪುಗಟ್ಟುವ ಚಳಿ. ಮಾಘ ಫಾಲ್ಗುಣಗಳೇ ಒಳ್ಳೆಯವು. ಎರಡೂ ಕಡೆ ಕ್ಲಬ್ಬಿನವರಿಗೆ ಮೊದಲೇ ಬರೆದು ಅಪ್ಪಣೆ ಪಡೆಯಿರಿ. ಹದಿನಾಲ್ಕು ಕೋಲುಗಳವರೆಗೆ ಒಯ್ಯಬಹುದೆಂದು ನಿಯಮವಿದ್ದರೆ ಹದಿನಾಲ್ಕನ್ನೂ ಒಯ್ಯಬೇಕೆಂದಿಲ್ಲ. ನಮ್ಮ ತರುಣನಿಗೆ ನಾನು ಹಟಹಿಡಿದು ಎಂಟಕ್ಕೆ ಇಳಿಸಿದೆ.

ಹೊರುವವನು ನನ್ನ ಆ ಹಳೆಯ ವಿದ್ಯಾರ್ಥಿಯೇ ಆಗಿರಬೇಕೆಂದು ಮೊದಲೇ ವಿಚಾರಿಸಿ ಹೇಳಿಕಳುಹಿಸಿದ್ದೆ. ನಲವತ್ತರ ಮೇಲಾಗಿದೆ ಅವನಿಗೆ, ಎಡಹೆಗಲು ಕೊಂಚ ಬಾಗಿದೆ. ಕಾಲಿಗೆ ಬೀಳಲು ಬಂದವನನ್ನು ತಡೆದೆ. ಸಮುದ್ರಮಟ್ಟಕ್ಕೆ ಏಳು ಸಾವಿರ ಅಡಿಗೂ ಮೇಲಿನ ಆ ಗಾಳಿಯಲ್ಲಿ ನನಗೆ ಮೂರನೆಯ ಕುಳಿಗೇ ಏದುಸಿರು ಬಂತು. ಅವನು ಚೀಲವನ್ನೂ ಹೊತ್ತು ನನಗಾಗಿ ನಿಂತು ನಿಂತು ನಡೆದ. ಇಲ್ಲಿ ಗಾಳಿ ತೆಳು, ಚೆಂಡು ಮೈಸೂರಿನಲ್ಲಿ ಹೋಗುವುದಕ್ಕಿಂತ ದೂರ ಹೋಗುತ್ತದೆ, ಸಣ್ಣ ಕೋಲು ತೆಗೆದುಕೊಳ್ಳಿ ಎಂದು ಎಂಜಿನಿಯರಿಗೆ ಹೇಳಿದ. ಎಂಜಿನಿಯರು ಕೇಳಲಿಲ್ಲ, ಚೆಂಡು ಮರಗಳೊಳಗೆ ಹೋಯಿತು. ಇಳಿಜಾರು ಬಲಕ್ಕಿದ್ದಂತೆ ಕಂಡರೂ ಹುಲ್ಲಿನ ಮುಖ ಎಡಕ್ಕಿದೆ ಎಂದು ಅವನು ಬೆರಳಿಟ್ಟು ತೋರಿಸಿದ ಮೇಲೆ ಎಂಜಿನಿಯರು ಎಲ್ಲಕ್ಕೂ ಅವನನ್ನೇ ಕೇಳತೊಡಗಿದ. ಸಂಧಿ ಬಿಡಿಸುತ್ತಿದ್ದ ಕಣ್ಣು ಅದೇ.

ಕೊನೆಯ ಕುಳಿಯ ಬಳಿ ಹುಲ್ಲಿನ ಮೇಲೆ ಕುಳಿತಾಗ, ಅಂದು ನಿನ್ನ ಮನೆಗೆ ಬರಬೇಕಾಗಿತ್ತು, ಬರಲಿಲ್ಲ ಎಂದೆ. ಅವನು ಚೀಲದ ಪಟ್ಟಿಯನ್ನು ಬಿಗಿಮಾಡುತ್ತ, "ಬಂದಿದ್ದರೂ ಮನೇಲಿ ಯಾರೂ ಇರ್ತಿರ್ಲಿಲ್ಲ ಮೇಷ್ಟ್ರೆ, ಎಲ್ಲಾ ಕೂಲಿಗೆ ಹೋಗಿರ್ತಿದ್ರು" ಎಂದ. ಮಗಳು ಹತ್ತನೆಯ ತರಗತಿಯಲ್ಲಿದ್ದಾಳಂತೆ. ಅಲ್ಲಿಯ ಶಾಲೆಯಲ್ಲಿ ಕನ್ನಡವಿಲ್ಲ, ಮನೆಯಲ್ಲಿ ತಾನೇ ಕಾಗುಣಿತ ಕಲಿಸಿದ್ದಾನಂತೆ. ನಾವು ಹೊರಡುವಾಗ ನನ್ನ ಪಾದಗಳನ್ನು ನೋಡಿ, ಮುಂದಿನ ಸಲ ಈ ಚರ್ಮದ ಚಪ್ಪಲಿಯಲ್ಲಿ ಬರಬೇಡಿರೆಂದೂ, ಇಬ್ಬನಿಯ ಹುಲ್ಲಿನ ಮೇಲೆ ಜಾರುತ್ತದೆಂದೂ ಹೇಳಿದ.