ಟೆಥಿಸ್ ತೀರದ ಕಾಲುಳ್ಳ ತಿಮಿಂಗಿಲಗಳು

ತಿಮಿಂಗಿಲ, ಡಾಲ್ಫಿನ್‌ಗಳ ಪೂರ್ವಜರು ನಾಲ್ಕು ಕಾಲಿನ, ಗೊರಸಿನ ಪ್ರಾಣಿಗಳು. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಭೂಭಾಗ ಏಷ್ಯಾವನ್ನು ಒತ್ತುತ್ತಿದ್ದಾಗ ಎರಡರ ನಡುವಿನ ಟೆಥಿಸ್ ಸಮುದ್ರ ಕಿರಿದಾಗುತ್ತಿತ್ತು. ಈ ಪ್ರಾಣಿಗಳು ನೀರಿಗಿಳಿದದ್ದು ಅದರ ದಂಡೆಯ ಹೊಳೆ, ಅಳಿವೆಗಳಲ್ಲಿ. ಅಲ್ಲಿನ ಕೆಸರು ಇಂದು ಪಾಕಿಸ್ತಾನದ ಗುಡ್ಡಗಳಲ್ಲಿ, ಜಮ್ಮು-ಕಾಶ್ಮೀರದ ಕಾಲಾಕೋಟ್‌ನಲ್ಲಿ, ಗುಜರಾತಿನ ಕಛ್‌ನಲ್ಲಿ ಬಂಡೆಯಾಗಿ ಉಳಿದಿದೆ.

ಕಾಲಾಕೋಟ್‌ನ ಕಥೆ ವಿಶೇಷವಾದದ್ದು. ಭೂವಿಜ್ಞಾನಿ ಎ. ರಂಗರಾವ್ ಅಲ್ಲಿಂದ ತಂದಿಟ್ಟಿದ್ದ ಕಲ್ಲುಗಳನ್ನು ಅವರ ನಿಧನಾನಂತರ ಪತ್ನಿ ಜತನದಿಂದ ಕಾಪಾಡಿ ವಿಜ್ಞಾನಿ ಹ್ಯಾನ್ಸ್ ಥೆವಿಸನ್ ಅವರಿಗೆ ಕೊಟ್ಟರು. ಕಲ್ಲು ಬಿಡಿಸುವಾಗ ಇಂಡೋಹೈಯಸ್ ಎಂಬ ಪುಟ್ಟ ಪ್ರಾಣಿಯ ತಲೆಬುರುಡೆಯಲ್ಲಿ ಕಿವಿಯ ಭಾಗ ಒಡೆಯಿತು. ಒಳಗಿನ ಮೂಳೆಯ ಒಂದು ಅಂಚು ತಿಮಿಂಗಿಲದಲ್ಲಿರುವಂತೆಯೇ ದಪ್ಪವಾಗಿತ್ತು. ಕಾಲಿನ ಮೂಳೆಗಳೂ ಗಟ್ಟಿ, ಭಾರ. ನೀರಿನ ತಳದಲ್ಲಿ ಕಾಲೂರಿ ನಡೆಯಲು ತಕ್ಕವು. 2007ರಲ್ಲಿ ಈ ಶೋಧ ಪ್ರಕಟವಾದಾಗ ತಿಮಿಂಗಿಲಗಳ ಹತ್ತಿರದ ಬಂಧು ಭಾರತದ ನೆಲದಲ್ಲೇ ಸಿಕ್ಕಂತಾಯಿತು.

ಕಡಲಿಗೆ ಒಗ್ಗಿದ ಬಗೆಯನ್ನು ರೆಕ್ಕೆ, ಬಾಲಗಳಿಗಿಂತ ಚೆನ್ನಾಗಿ ಹೇಳುವುದು ಕಿವಿ. ನೆಲದ ಪ್ರಾಣಿ ನೀರಿನಲ್ಲಿ ಮುಳುಗಿದರೆ ಇಡೀ ತಲೆಬುರುಡೆಯೇ ಕಂಪಿಸಿ ಸದ್ದು ಯಾವ ಕಡೆಯದೆಂದು ತಿಳಿಯುವುದಿಲ್ಲ. ಪಾಕಿಸ್ತಾನದಲ್ಲಿ ಸಿಕ್ಕಿ 1981ರಲ್ಲಿ ಹೆಸರು ಪಡೆದ ಆದಿ ತಿಮಿಂಗಿಲ ಪಾಕಿಸೀಟಸ್‌ನ ಕಿವಿ ಬಹುಪಾಲು ನೆಲದ ಕಿವಿಯೇ. ಅದರ ನಂತರದ, ಕಛ್‌ನ ತಿಮಿಂಗಿಲ ರೆಮಿಂಗ್ಟನೋಸೀಟಸ್ ಕಾಲಕ್ಕೆ ಕೆಳದವಡೆಯ ಒಳಗಿನ ರಂಧ್ರ ಹಿಗ್ಗಿತ್ತು. ಇಂದಿನ ಡಾಲ್ಫಿನ್‌ಗಳಲ್ಲಿ ಆ ಜಾಗದಲ್ಲಿ ಕೊಬ್ಬು ತುಂಬಿದ್ದು, ಸದ್ದು ಅದರ ಮೂಲಕ ಕಿವಿಗೆ ತಲುಪುತ್ತದೆ. ಕಿವಿಯ ಮೂಳೆ ತಲೆಬುರುಡೆಯಿಂದ ಬೇರ್ಪಟ್ಟು ನಿಂತಿರುವುದರಿಂದ ದಿಕ್ಕೂ ತಿಳಿಯುತ್ತದೆ.

ಮೂಗಿನ ಹೊಳ್ಳೆ ಮೂತಿಯ ತುದಿಯಿಂದ ಹಿಂದೆ ಸರಿಯುತ್ತಾ ನೆತ್ತಿ ಸೇರಿತು. ಈಜುವಾಗ ಮೀನು ಬಾಲವನ್ನು ಎಡಬಲಕ್ಕೆ ಬೀಸಿದರೆ ತಿಮಿಂಗಿಲ ಮೇಲೆಕೆಳಗೆ ಬೀಸುತ್ತದೆ. ನೆಲದ ಮೇಲೆ ನಾಗಾಲೋಟದಲ್ಲಿ ಓಡುವ ಸಸ್ತನಿಯ ಬೆನ್ನು ಬಾಗುವುದೂ ಹೀಗೆಯೇ.

ಹಿಂಗಾಲು ಮಾಯವಾಗಲು ಬಹಳ ಕಾಲ ಹಿಡಿಯಿತು. ಅಮೆರಿಕದಲ್ಲಿ ದೊರೆತ ಪುರಾತನ ತಿಮಿಂಗಿಲ ಬೆಸಿಲೋಸಾರಸ್‌ನ ದೈತ್ಯ ಮೂಳೆಗಳನ್ನು ರಿಚರ್ಡ್ ಹಾರ್ಲನ್ 1834ರಲ್ಲಿ ಸರೀಸೃಪದ್ದೆಂದೇ ತಿಳಿದು ಆ ಹೆಸರಿಟ್ಟರು. ಅದು ಸಸ್ತನಿ ಎಂದು ತೋರಿಸಿದವರು ರಿಚರ್ಡ್ ಓವನ್. ಈಜಿಪ್ಟಿನ ಮರುಭೂಮಿಯ ವಾದಿ ಅಲ್-ಹಿತಾನ್‌ನಲ್ಲಿ 1989ರಲ್ಲಿ ಫಿಲಿಪ್ ಜಿಂಜರಿಚ್ ತಂಡಕ್ಕೆ ಇದೇ ಪ್ರಾಣಿಯ ಹಿಂಗಾಲುಗಳು ಸಿಕ್ಕವು. ಸುಮಾರು 15 ಮೀಟರ್ ಉದ್ದದ ದೇಹಕ್ಕೆ ಮನುಷ್ಯನ ಕಾಲಿಗಿಂತ ಚಿಕ್ಕ ಕಾಲು! ಆದರೂ ಮೊಣಕಾಲು, ಬೆರಳು ಎಲ್ಲವೂ ಇದ್ದವು. ಸೊಂಟ ಮಾತ್ರ ಬೆನ್ನುಮೂಳೆಯಿಂದ ಕಳಚಿಕೊಂಡಿದ್ದರಿಂದ ಆ ಕಾಲು ದೇಹದ ಭಾರ ಹೊರುವಂತಿರಲಿಲ್ಲ.

ಈಗಲೂ ಡಾಲ್ಫಿನ್ ಭ್ರೂಣದಲ್ಲಿ ಹಿಂಗಾಲಿನ ಮೊಗ್ಗು ಮೂಡಿ ಕೆಲವೇ ವಾರಗಳಲ್ಲಿ ಕರಗುತ್ತದೆ. ಬೆಳೆದ ಪ್ರಾಣಿಯಲ್ಲಿ ಸೊಂಟದ ಎರಡು ಸಣ್ಣ ಮೂಳೆಗಳು ಉಳಿಯುತ್ತವೆ. ಜನನಾಂಗದ ಸ್ನಾಯುಗಳಿಗೆ ಅವೇ ಆಧಾರ.