ಹೊಸ ಅಕ್ಕಿಯ ಊಟ: ಒಂದು ಬಾಳೆಲೆಯ ಇತಿಹಾಸ

ಇತಿಹಾಸವೆಂದೊಡನೆ ನಮ್ಮ ಕಣ್ಣ ಮುಂದೆ ಸುಳಿಯುವುದು ಕೋಟೆಕೊತ್ತಲಗಳು, ಯುದ್ಧಗಳು, ಒಪ್ಪಂದಗಳು, ರಾಜರ ಹೆಸರುಗಳು. ಆದರೆ ಪ್ರಿಯ ಓದುಗರೇ, ಒಂದು ಜನಾಂಗದ ಚರಿತ್ರೆಯನ್ನು ಶಾಸನಗಳಷ್ಟೇ ನಿಷ್ಠೆಯಿಂದ ಕಾಪಾಡಿಕೊಂಡು ಬರುವ ಇನ್ನೊಂದು ಸ್ಥಳವಿದೆ. ಅದು ಅಡುಗೆಮನೆ. ಸೆಪ್ಟೆಂಬರ್ 8ರಂದು ಕರಾವಳಿಯ ಕಥೋಲಿಕ ಮನೆಗಳಲ್ಲಿ ಹಾಸುವ ಬಾಳೆಲೆಯನ್ನೇ ತೆಗೆದುಕೊಳ್ಳಿ. ಅದರ ಮೇಲೆ ಬಡಿಸಿದ ಪ್ರತಿಯೊಂದು ಪದಾರ್ಥಕ್ಕೂ ಹೇಳಲು ಒಂದು ಕಥೆಯಿದೆ. ಕೇಳುವ ವ್ಯವಧಾನ ನಮಗಿದೆಯೇ ಎಂಬುದಷ್ಟೇ ಪ್ರಶ್ನೆ.

ಮಾತೆ ಮರಿಯಮ್ಮನವರ ಜನ್ಮೋತ್ಸವವನ್ನು ಕರಾವಳಿಯ ಜನ ‘ಮೊಂತಿ ಫೆಸ್ತ್’ ಎಂದೂ ‘ತೆನೆ ಹಬ್ಬ’ ಎಂದೂ ಕರೆಯುತ್ತಾರೆ. ಒಂದು ಹೆಸರು ಪೋರ್ಚುಗೀಸ್ ಭಾಷೆಯ ನೆನಪನ್ನು ಹೊತ್ತಿದೆ, ಇನ್ನೊಂದು ನಮ್ಮ ಗದ್ದೆಯ ಮಣ್ಣಿನಿಂದ ಬಂದಿದೆ. ಈ ಎರಡು ಹೆಸರುಗಳು ಕೂಡುವ ಸ್ಥಳದಲ್ಲೇ ಈ ಹಬ್ಬದ ಚರಿತ್ರೆ ಅಡಗಿದೆ.

ಮೊದಲು ಹಬ್ಬದ ಮೂಲವನ್ನು ನೋಡೋಣ. ಮರಿಯಮ್ಮನವರ ಜನ್ಮೋತ್ಸವ ಪೂರ್ವದ ಧರ್ಮಸಭೆಯಲ್ಲಿ, ಜೆರುಸಲೇಮಿನಲ್ಲಿ ಬೇರೂರಿದ ಆಚರಣೆ. ರೋಮಿನಲ್ಲಿ ಏಳನೆಯ ಶತಮಾನದ ಕೊನೆಯ ಹೊತ್ತಿಗೆ, ಜಗದ್ಗುರು ಒಂದನೇ ಸೆರ್ಜಿಯುಸರ ಕಾಲದಲ್ಲಿ (687-701), ಈ ದಿನ ಮೆರವಣಿಗೆ ನಡೆಯುತ್ತಿತ್ತು. ಯೂರೋಪಿನಲ್ಲಿ ಇದು ಶರತ್ಕಾಲದ ಹೊಸ್ತಿಲು. ಫ್ರಾನ್ಸಿನ ಕೆಲವು ಭಾಗಗಳಲ್ಲಿ ದ್ರಾಕ್ಷಿ ಬೆಳೆಗಾರರು ಇದನ್ನು ದ್ರಾಕ್ಷಿ ಕೊಯ್ಲಿನ ಮಾತೆಯ ಹಬ್ಬವೆಂದೇ ಕರೆದರು. ಅದೇ ದಿನ ನಮ್ಮ ಕರಾವಳಿಗೆ ಬಂದಾಗ ಇಲ್ಲಿ ದ್ರಾಕ್ಷಿತೋಟಗಳಿರಲಿಲ್ಲ, ಆದರೆ ತೆನೆಗಟ್ಟಿದ ಭತ್ತದ ಗದ್ದೆಗಳಿದ್ದವು. ತುಳುನಾಡಿನಲ್ಲಿ ಮುಂಗಾರಿನೊಡನೆ ಬಿತ್ತುವ ಮೊದಲ ಬೆಳೆಗೆ ‘ಏಣೆಲು’ ಎಂದು ಹೆಸರು. ಮಳೆ ಹಿಂದೆಗೆಯುವ ಸೆಪ್ಟೆಂಬರ್ ತಿಂಗಳಲ್ಲಿ ಏಣೆಲಿನ ತೆನೆ ಹಾಲುತುಂಬಿ ಬಲಿಯತೊಡಗುತ್ತದೆ. ಪಂಚಾಂಗದ ದಿನವೂ ಗದ್ದೆಯ ದಿನವೂ ಹೀಗೆ ಒಂದಾದವು.

ಇದೇ ಋತುವಿನಲ್ಲಿ ನೆರೆಹೊರೆಯ ಹಿಂದೂ ಮನೆಗಳಲ್ಲೂ ತೆನೆ ಕಟ್ಟುತ್ತಾರೆ, ಹೊಸ ಅಕ್ಕಿಯ ಊಟ ಮಾಡುತ್ತಾರೆ. ಕೊಡಗಿನಲ್ಲಿ ಬೆಳೆ ತಡವಾಗಿ ಬರುವುದರಿಂದ ಅಲ್ಲಿನ ಹುತ್ತರಿ ನವೆಂಬರ್-ಡಿಸೆಂಬರಿನಲ್ಲಿ ನಡೆಯುತ್ತದೆ. ಹೊಸ ಧಾನ್ಯವನ್ನು ಮೊದಲು ದೇವರಿಗೆ ಅರ್ಪಿಸಿ ಆಮೇಲೆ ಉಣ್ಣಬೇಕೆಂಬ ಭಾವ ಯಾವುದೇ ಒಂದು ಮತದ ಸೊತ್ತಲ್ಲ, ನೇಗಿಲು ಹಿಡಿದವರೆಲ್ಲರ ಸೊತ್ತು. ಕ್ರೈಸ್ತರಾದ ಮೇಲೂ ನಮ್ಮ ಹಿರಿಯರು ರೈತರಾಗಿಯೇ ಉಳಿದರು. ಆದ್ದರಿಂದಲೇ ಈ ಊಟ ಉಳಿಯಿತು.

ಈ ಹಿರಿಯರಲ್ಲಿ ಬಹುಪಾಲು ಜನ ಗೋವೆಯಿಂದ ಬಂದವರು. 1560ರಲ್ಲಿ ಗೋವೆಯಲ್ಲಿ ಸ್ಥಾಪನೆಯಾದ ಧರ್ಮವಿಚಾರಣಾ ನ್ಯಾಯಾಲಯದ ಭಯ, ಬರಗಾಲ, ತೆರಿಗೆ, ಮರಾಠರ ದಾಳಿಗಳು ಅವರನ್ನು ತಂಡತಂಡವಾಗಿ ದಕ್ಷಿಣಕ್ಕೆ ತಳ್ಳಿದವು. ಆ ನ್ಯಾಯಾಲಯದ ಕಣ್ಣು ಅಡುಗೆಮನೆಯ ಮೇಲೂ ಬಿದ್ದಿತ್ತೆಂಬುದನ್ನು ಇಂದು ನೆನೆದರೆ ಆಶ್ಚರ್ಯವೂ ವ್ಯಥೆಯೂ ಆಗುತ್ತದೆ. 1736ರಲ್ಲಿ ಅದು ಹೊರಡಿಸಿದ ಕಟ್ಟಳೆಯು ಧೋತಿ ಉಡುವುದನ್ನೂ ಮನೆಯಂಗಳದಲ್ಲಿ ತುಳಸಿ ನೆಡುವುದನ್ನೂ ನಿಷೇಧಿಸಿದ್ದಷ್ಟೇ ಅಲ್ಲ, ಹಿಂದೂಗಳಂತೆ ಉಪ್ಪಿಲ್ಲದೆ ಅನ್ನ ಮಾಡಿ ಬಳಿಕ ಉಪ್ಪು ಸೇರಿಸಿಕೊಳ್ಳುವುದನ್ನೂ ನಿಷೇಧಿಸಿತ್ತು. ಅನ್ನದ ಮಡಕೆಗೆ ಉಪ್ಪು ಯಾವಾಗ ಬಿತ್ತೆಂಬುದರಿಂದ ಒಬ್ಬನ ವಿಶ್ವಾಸವನ್ನು ಅಳೆಯಲು ಹೊರಟ ಕಾಲವದು! ಇಂಥ ಕಟ್ಟಳೆಗಳ ನೆರಳಿನಿಂದ ಹೊರಬಂದವರು ನಮ್ಮ ನಾಡಿಗೆ ತಂದದ್ದು ಎರಡನ್ನು: ಮರಿಯಮ್ಮನವರ ಮೇಲಿನ ಭಕ್ತಿ ಮತ್ತು ಭತ್ತದ ಬೇಸಾಯದ ಅನುಭವ.

ಅವರಿಗೆ ಇಲ್ಲಿ ಆಶ್ರಯ ಕೊಟ್ಟವರು ಕೆಳದಿಯ ನಾಯಕರು. ಅದು ಕೇವಲ ಔದಾರ್ಯವಾಗಿರಲಿಲ್ಲ. ಕರಾವಳಿ ಕನ್ನಡನಾಡು ಆಗ ಅಕ್ಕಿಯ ಕಣಜ. ಗೋವೆಯ ಪೋರ್ಚುಗೀಸರೂ ಊಟಕ್ಕೆ ಇಲ್ಲಿನ ಅಕ್ಕಿಯನ್ನೇ ನೆಚ್ಚಿಕೊಂಡಿದ್ದರು. 1568-69ರಲ್ಲಿ ಅವರು ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ಕೋಟೆ ಕಟ್ಟಿಕೊಂಡದ್ದಕ್ಕೆ ಕರಿಮೆಣಸಿನೊಡನೆ ಅಕ್ಕಿಯೂ ಕಾರಣವಾಗಿತ್ತು. 1650ರ ದಶಕದಲ್ಲಿ ಶಿವಪ್ಪ ನಾಯಕನು ಅವರನ್ನು ಆ ಕೋಟೆಗಳಿಂದ ಹೊರದಬ್ಬಿದ. ಮುಂದೆ ಕೆಳದಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿ, 1678ರ ಒಪ್ಪಂದದ ಮೂಲಕ, ಕರಾವಳಿಯಲ್ಲಿ ಚರ್ಚುಗಳನ್ನು ಕಟ್ಟಲು ಅವಕಾಶ ದೊರೆಯಿತು. ಪಾಳುಬಿದ್ದ ನೆಲವನ್ನು ಹಸನುಗೊಳಿಸಬಲ್ಲ ಕೈಗಳು ಅರಸರಿಗೆ ಬೇಕಾಗಿದ್ದವು, ನೆಲ ವಲಸೆಗಾರರಿಗೆ ಬೇಕಾಗಿತ್ತು. ಹೊಸ ಅಕ್ಕಿಯ ಊಟದ ಹಿಂದೆ ಇಂಥದೊಂದು ಪರಸ್ಪರ ಋಣವಿದೆ.

ಮೊಂತಿ ಎಂಬ ಹೆಸರು ಬಂದದ್ದು ನೇತ್ರಾವತಿಯ ದಂಡೆಯ ಫರಂಗಿಪೇಟೆಯಿಂದ. ಅಲ್ಲಿನ ಗುಡ್ಡದ ಮೇಲಿನ ಚರ್ಚು ‘ಮೊಂತೆ ಮರಿಯಾನೊ’, ಎಂದರೆ ಮರಿಯಮ್ಮನವರ ಬೆಟ್ಟ. ಗೋವೆಯ ಗುರುಗಳಾದ ಜೋಕಿಂ ಮಿರಾಂದರು 1763ರಲ್ಲಿ ಅಲ್ಲಿ ಈ ಹಬ್ಬದ ಆಚರಣೆಯನ್ನು ಆರಂಭಿಸಿದರೆಂದು ಪರಂಪರೆ ಹೇಳುತ್ತದೆ. ಆ ವರ್ಷವನ್ನು ಗಮನಿಸಿ. 1763ರಲ್ಲೇ ಹೈದರಾಲಿಯು ಬಿದನೂರನ್ನು ಗೆದ್ದು ಕೆಳದಿ ಅರಸೊತ್ತಿಗೆಗೆ ತೆರೆ ಎಳೆದ. ನೆಲ ಕೊಟ್ಟ ಅರಸರೇ ಇಲ್ಲವಾದ ವರ್ಷದಲ್ಲಿ, ನಾಳೆ ಏನೆಂದು ತಿಳಿಯದ ಜನರು, ಗದ್ದೆಯ ಮೊದಲ ತೆನೆಯನ್ನು ತಾಯಿಯ ಪಾದಕ್ಕಿಟ್ಟರು.

ಇಪ್ಪತ್ತೊಂದು ವರ್ಷಗಳ ಬಳಿಕ ಬಿರುಗಾಳಿ ಎದ್ದಿತು. ಇಂಗ್ಲಿಷರೊಡನೆ ನಡೆದ ಯುದ್ಧದಲ್ಲಿ ಕ್ರೈಸ್ತರು ಶತ್ರುಗಳಿಗೆ ನೆರವಾದರೆಂಬ ಶಂಕೆಯಿಂದ ಟಿಪ್ಪು ಸುಲ್ತಾನನು 1784ರಲ್ಲಿ ಅವರನ್ನು ಸೆರೆಹಿಡಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಸೆರೆಯಾದವರ ಸಂಖ್ಯೆಯನ್ನು ಆ ಕಾಲದ ಬರಹಗಾರರು 30 ಸಾವಿರದಿಂದ 80 ಸಾವಿರದವರೆಗೆ ಬೇರೆಬೇರೆಯಾಗಿ ಅಂದಾಜಿಸಿದ್ದಾರೆ. ಹಲವು ಚರ್ಚುಗಳು ನೆಲಸಮವಾದವು, ಗದ್ದೆಗಳು ಕೈತಪ್ಪಿದವು. ದಾರಿಯಲ್ಲೂ ಸೆರೆಯಲ್ಲೂ ಬಹಳಷ್ಟು ಜನ ತೀರಿಹೋದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರಲ್ಲಿ ಅನೇಕರು ಕರಾವಳಿಗೆ ಮರಳಿದರು. ಹದಿನೈದು ವರ್ಷಗಳೆಂದರೆ ಹದಿನೈದು ತೆನೆ ಹಬ್ಬಗಳು. ಮಗುವಾಗಿ ಹೋದವರು ಯುವಕರಾಗಿ ಬಂದರು. ಅವರಿಗೆ ತಮ್ಮದೆನ್ನಲು ಗದ್ದೆಯಿರಲಿಲ್ಲ, ಚರ್ಚಿನ ದಾಖಲೆ ಪುಸ್ತಕಗಳಿರಲಿಲ್ಲ. ಆದರೂ ಹಬ್ಬ ಮತ್ತೆ ಚಿಗುರಿತು. ಅದನ್ನು ನೆನಪಿಟ್ಟುಕೊಂಡವರು ಯಾರು? ಕೆಸುವಿನ ಎಲೆಯನ್ನು ಹೇಗೆ ಬೇಯಿಸಬೇಕು, ಹೊಸ ಅಕ್ಕಿಯನ್ನು ಯಾರು ಮೊದಲು ಬಡಿಸಬೇಕು ಎಂಬುದನ್ನು ಬಲ್ಲ ಅಜ್ಜಿಯರು ಮತ್ತು ತಾಯಂದಿರಲ್ಲದೆ ಇನ್ನಾರು?

ಈಗ ಬಾಳೆಲೆಯ ಬಳಿಗೆ ಬರೋಣ. ಹಬ್ಬವೆಂದರೆ ಮಾಂಸದಡುಗೆ ಎನ್ನುವ ಮನೆಗಳಲ್ಲೂ ಅಂದಿನ ಊಟ ಸಂಪೂರ್ಣ ಸಸ್ಯಾಹಾರ. ಪದಾರ್ಥಗಳ ಸಂಖ್ಯೆ ಮೂರು, ಐದು, ಏಳು, ಒಂಬತ್ತು ಹೀಗೆ ಬೆಸವಾಗಿರಬೇಕು. ಕೆಸುವಿನ ಸೊಪ್ಪು ಮತ್ತು ಹರಿವೆ ದಂಟಿನ ಪದಾರ್ಥ, ಕಣಿಲೆ, ಹೀರೆಕಾಯಿ, ಬೆಂಡೆಕಾಯಿ, ಹಾಗಲಕಾಯಿ, ಸೌತೆಕಾಯಿ, ಗೇರುಬೀಜ ಹಾಕಿದ ತೊಂಡೆಕಾಯಿ, ಕೊನೆಗೆ ಬೇಳೆ, ಬೆಲ್ಲ, ತೆಂಗಿನ ಹಾಲಿನ ಪಾಯಸವಾದ ‘ವೊರ್ನ್’. ಇವುಗಳಲ್ಲಿ ಬಹುತೇಕ ಎಲ್ಲವೂ ಮಳೆಗಾಲದ ಕೊನೆಯಲ್ಲಿ ಹಿತ್ತಲಲ್ಲೂ ಗುಡ್ಡದಲ್ಲೂ ಸಿಗುವಂಥವು. ಪೋರ್ಚುಗೀಸರ ಹಡಗುಗಳಲ್ಲಿ ಅಮೆರಿಕ ಖಂಡದಿಂದ ಬಂದದ್ದು ಈ ಎಲೆಯ ಮೇಲೆ ಮುಖ್ಯವಾಗಿ ಎರಡೇ: ಒಣಮೆಣಸು ಮತ್ತು ಗೇರುಬೀಜ. ಆಲೂಗಡ್ಡೆ, ಟೊಮೆಟೊಗಳಿಗೆ ಹಳೆಯ ಪಂಕ್ತಿಯಲ್ಲಿ ಜಾಗವಿರಲಿಲ್ಲ. ಗೋವೆಯ ಕಟ್ಟಳೆಗಿಂತಲೂ ಹಳೆಯದಾದ ಒಂದು ರುಚಿ ಮರಿಯಮ್ಮನವರ ಹಬ್ಬದ ಎಲೆಯ ಮೇಲೆ ಸುರಕ್ಷಿತವಾಗಿ ಕುಳಿತಿದೆ.

ಈ ಅಡುಗೆಯಲ್ಲಿ ವಿವೇಕವೂ ಇದೆ. ಕೆಸುವಿನ ಎಲೆಯಲ್ಲಿರುವ ಸೂಕ್ಷ್ಮ ಸೂಜಿಯಂಥ ಹರಳುಗಳು ನಾಲಗೆಗೆ ತುರಿಸುತ್ತವೆ. ಅದಕ್ಕೆಂದೇ ಅದೇ ಋತುವಿನ ಹುಳಿ ಅಂಬಟೆಕಾಯಿಯನ್ನು ಜಜ್ಜಿ ಹಾಕಿ ಚೆನ್ನಾಗಿ ಬೇಯಿಸುತ್ತಾರೆ. ಎಳೆಬಿದಿರಿನ ಕಣಿಲೆಯಲ್ಲಿ ವಿಷಾಂಶವಿರುವುದರಿಂದ ಅದನ್ನು ಹೆಚ್ಚಿ, ದಿನದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿಡುತ್ತಾರೆ. ಹೊಸ ಅಕ್ಕಿ ಬೇಗನೆ ಮೆತ್ತಗಾಗಿ ಅಂಟಿಕೊಳ್ಳುತ್ತದೆ. ಉದುರುದುರಾದ ಅನ್ನಕ್ಕೆ ಅದು ಒಗ್ಗದು, ಪಾಯಸಕ್ಕೆ ಮಾತ್ರ ಹೇಳಿ ಮಾಡಿಸಿದಂತಿರುತ್ತದೆ. ಮನೆಯಲ್ಲಿ ಮಾಡುವುದೂ ಕಷ್ಟವಲ್ಲ: ಅಕ್ಕಿಯನ್ನು ತೊಳೆದು ತೆಂಗಿನ ಎರಡನೆಯ ತೆಳು ಹಾಲಿನಲ್ಲಿ ಮೆತ್ತಗೆ ಬೇಯಿಸಿ, ಬೆಲ್ಲವನ್ನು ಕರಗಿಸಿ ಸೋಸಿ ಸೇರಿಸಿ, ಏಲಕ್ಕಿ ಹಾಕಿ, ಒಲೆಯಿಂದ ಇಳಿಸುವ ಮುನ್ನ ಮೊದಲ ಗಟ್ಟಿ ಹಾಲನ್ನು ಹೊಯ್ದರೆ ಮುಗಿಯಿತು. ಆಮೇಲೆ ಕುದಿಸಿದರೆ ಹಾಲು ಒಡೆಯುತ್ತದೆ ಎಂಬುದೊಂದೇ ಎಚ್ಚರಿಕೆ. ಹಬ್ಬದಂದು ಚರ್ಚಿನಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಯ ಪೀಠದ ಮುಂದಿಟ್ಟು ಪ್ರಾರ್ಥಿಸಿ, ಕಾಳು ಸುಲಿದು ಪುಡಿಮಾಡಿ, ತೆಂಗಿನ ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಅದಕ್ಕೆ ಕೊಂಕಣಿಯಲ್ಲಿ ‘ನೊವೆಂ’ ಎಂದು ಹೆಸರು, ಎಂದರೆ ಹೊಸದು.

ಇಪ್ಪತ್ತನೆಯ ಶತಮಾನದಲ್ಲಿ ಈ ಊಟಕ್ಕೆ ಇನ್ನೊಂದು ಪರೀಕ್ಷೆ ಬಂದಿತು. ಈ ಬಾರಿ ಸೈನಿಕರು ಬರಲಿಲ್ಲ, ಬಂದದ್ದು ಕಾಲ. ಜನ ಉದ್ಯೋಗ ಅರಸಿ ಮುಂಬಯಿಗೆ, ಬೆಂಗಳೂರಿಗೆ, ಬಳಿಕ ಕೊಲ್ಲಿ ರಾಷ್ಟ್ರಗಳಿಗೆ ಹೋದರು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯು ಗೇಣಿ ಪದ್ಧತಿಯನ್ನು ಕೊನೆಗಾಣಿಸಿತು. ಅದರಿಂದ ನೆಲ ಪಡೆದವರಲ್ಲಿಯೂ ಕಳೆದುಕೊಂಡವರಲ್ಲಿಯೂ ನಮ್ಮ ಜನರಿದ್ದರು. ಮುಂದೆ ಎಷ್ಟೋ ಗದ್ದೆಗಳು ಅಡಕೆ ತೋಟಗಳಾದವು, ಕಟ್ಟಡಗಳ ತಳಪಾಯಗಳಾದವು. ದೂರದ ಮಕ್ಕಳಿಗೆ ತಾಯಂದಿರು ಆಶೀರ್ವದಿಸಿದ ಕಾಳುಗಳನ್ನು ಕಾಗದದ ಲಕೋಟೆಯಲ್ಲಿಟ್ಟು ಅಂಚೆಯಲ್ಲಿ ಕಳುಹಿಸಿದರು. ಇಂದು ನಗರದ ಧರ್ಮಕೇಂದ್ರಗಳಲ್ಲಿ ತೆನೆಯನ್ನು ಬೇರೆ ಊರಿನಿಂದ ತರಿಸಿ ಹಂಚುವುದುಂಟು. ಒಂಬತ್ತು ದಿನ ಹೂ ಅರ್ಪಿಸುವ ಮಕ್ಕಳಲ್ಲಿ ಭತ್ತದ ಪೈರನ್ನು ಹತ್ತಿರದಿಂದ ಕಂಡವರೆಷ್ಟು ಮಂದಿ?

ಹಾಗಾದರೆ ಗದ್ದೆಯಿಲ್ಲದವರಿಗೆ ಹೊಸ ಅಕ್ಕಿಯ ಊಟವೇಕೆ? ಈ ಪ್ರಶ್ನೆಗೆ ಪವಿತ್ರಗ್ರಂಥದಲ್ಲಿ ಒಂದು ಉತ್ತರವಿದೆ. ಧರ್ಮೋಪದೇಶಕಾಂಡದ 26ನೆಯ ಅಧ್ಯಾಯವನ್ನು ತೆರೆದು ನೋಡಿ. ಇಸ್ರಯೇಲಿನ ರೈತನು ಪ್ರಥಮ ಫಲದ ಬುಟ್ಟಿಯನ್ನು ಯಾಜಕನ ಕೈಗೆ ಕೊಟ್ಟು ಸುಮ್ಮನೆ ಹಿಂದಿರುಗುವಂತಿರಲಿಲ್ಲ. ಅವನು ಅಲ್ಲಿ ನಿಂತು ತನ್ನ ಜನರ ಚರಿತ್ರೆಯನ್ನು ಬಾಯಿಬಿಟ್ಟು ಹೇಳಬೇಕಿತ್ತು: ಪೂರ್ವಜನು ಅಲೆಮಾರಿಯಾಗಿದ್ದುದು, ಪರದೇಶದಲ್ಲಿ ದಾಸ್ಯಕ್ಕೆ ಸಿಕ್ಕಿದ್ದು, ಕೂಗಿಕೊಂಡದ್ದು, ಬಿಡುಗಡೆಯಾದದ್ದು, ನೆಲ ದೊರೆತದ್ದು. ಅದಾದ ಬಳಿಕ ನಡೆಯುವ ಸಂತೋಷದಲ್ಲಿ ಮನೆಯವರೊಡನೆ ಲೇವಿಯರಿಗೂ ಪರದೇಶಿಗಳಿಗೂ ಪಾಲಿರಬೇಕಿತ್ತು. ಹೊಸ ಧಾನ್ಯ, ಹಳೆಯ ನೆನಪು, ಪರಕೀಯನಿಗೆ ಒಂದು ಎಲೆ: ಈ ಮೂರೂ ಸೇರಿದರೆ ಮಾತ್ರ ಪ್ರಥಮ ಫಲದ ಅರ್ಪಣೆ ಪೂರ್ಣವಾಗುತ್ತಿತ್ತು.

ನಮ್ಮ ಎಲೆಯ ಮೇಲೆ ಮೊದಲನೆಯದು ಇಂದಿಗೂ ಇದೆ. ಎರಡನೆಯದು ಮರೆಯಾಗುತ್ತಿದೆ. ಏಳು ಪದಾರ್ಥಗಳನ್ನು ಎಣಿಸುತ್ತೇವೆ, ಏಳು ತಲೆಮಾರುಗಳ ಹಿಂದೆ ಗೋವೆಯಿಂದಲೋ ಶ್ರೀರಂಗಪಟ್ಟಣದಿಂದಲೋ ಬರಿಗೈಯಲ್ಲಿ ನಡೆದುಬಂದವರನ್ನು ನೆನೆಯುವುದಿಲ್ಲ. ಮೂರನೆಯದರ ಬಗ್ಗೆ ನಾವೇ ನಮ್ಮನ್ನು ಕೇಳಿಕೊಳ್ಳಬೇಕು. ಒಮ್ಮೆ ವಲಸೆಗಾರರಾಗಿ ಬಂದು ಪರರ ನೆಲದಲ್ಲಿ ಅನ್ನ ಕಂಡವರ ಮಕ್ಕಳು ನಾವು. ಇಂದು ನಮ್ಮ ಊರುಗಳಲ್ಲಿ ಕಟ್ಟಡ ಕಟ್ಟುವ, ಗದ್ದೆ ನಾಟಿ ಮಾಡುವ, ಹೋಟೆಲುಗಳಲ್ಲಿ ದುಡಿಯುವ ದೂರದ ರಾಜ್ಯಗಳ ಜನರನ್ನು ನಾವು ಯಾವ ಕಣ್ಣಿನಿಂದ ನೋಡುತ್ತಿದ್ದೇವೆ?

ಪ್ರಿಯ ಓದುಗರೇ, ಮುಂದಿನ ತೆನೆ ಹಬ್ಬಕ್ಕೆ ಅಥವಾ ಅದರ ಸಮೀಪದ ಭಾನುವಾರದ ಮಧ್ಯಾಹ್ನಕ್ಕೆ ಒಂದು ಸಣ್ಣ ಸಿದ್ಧತೆ ಮಾಡಿಕೊಳ್ಳಿ. ಒಂಬತ್ತು ಪದಾರ್ಥಗಳಾಗದಿದ್ದರೆ ಮೂರು ಸಾಕು. ಕೆಸುವಿನ ಎಲೆ ಸಿಗದಿದ್ದರೆ ಬರೀ ಹರಿವೆ ದಂಟೂ ಆದೀತು. ಮಕ್ಕಳಿಗೆ ತೆಂಗಿನಕಾಯಿ ತುರಿಯಲು, ಬೆಲ್ಲ ಜಜ್ಜಲು ಕೆಲಸ ಕೊಡಿ, ಕೈ ಕೆಲಸದಲ್ಲಿರುವಾಗ ಕಿವಿಗೆ ಕಥೆ ರುಚಿಸುತ್ತದೆ. ನೊವೆಂ ಹಂಚುವ ಮುನ್ನ ಮನೆಯ ಹಿರಿಯರು, ನಮ್ಮವರು ಎಲ್ಲಿಂದ ಬಂದರು, ಯಾರು ನೆಲ ಕೊಟ್ಟರು, ಏನನ್ನು ಕಳೆದುಕೊಂಡರು, ಹೇಗೆ ಮರಳಿದರು ಎಂಬುದನ್ನು ಐದು ನಿಮಿಷ ಹೇಳಲಿ. ಯಾರ ಮೇಲೂ ದ್ವೇಷವಿಲ್ಲದೆ, ಯಾವ ನೋವನ್ನೂ ಮುಚ್ಚಿಡದೆ ಹೇಳಲಿ. ಮತ್ತು ಮನೆಮಂದಿಗಿಂತ ಒಂದು ಎಲೆ ಹೆಚ್ಚು ಹಾಸಿ, ಆ ಎಲೆಗೆ ಬರಬೇಕಾದವರು ಯಾರೆಂದು ಹಿಂದಿನ ದಿನವೇ ಯೋಚಿಸಿ, ಅವರ ಬಾಗಿಲಿಗೆ ಹೋಗಿ ಕರೆದು ಬನ್ನಿ.